ಹುಡುಗನನ್ನು ಅಳೆಯುವ ಅಳತೆಗೋಲು

2007ರ ಬೇಸಿಗೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಸೇರಬೇಕೆಂದಿದ್ದ ಹುಡುಗರಿಗಾಗಿ ನಡೆದ ಪರೀಕ್ಷಾ ಶಿಬಿರ. ಅಲ್ಲೊಂದು ಬೆಂಚು, ಅದರ ಮೇಲೊಂದು ಕಬ್ಬಿಣದ ಸರಳು. ಸರಳು, ಅದರ ಎರಡು ಬದಿಯ ಬಿಲ್ಲೆಗಳು ಎಲ್ಲ ಸೇರಿ ತೂಕ 185 ಪೌಂಡ್, ಅಂದರೆ ಸುಮಾರು 84 ಕಿಲೋ. ಅಂಗಾತ ಮಲಗಿ ಅದನ್ನು ಎದೆಯ ಮೇಲಿನಿಂದ ಎಷ್ಟು ಸಲ ಎತ್ತಬಹುದು ಎಂಬುದು ಪರೀಕ್ಷೆ. ಗಟ್ಟಿ ಮೈಕಟ್ಟಿನವರು ಸಲೀಸಾಗಿ ಹತ್ತಾರು ಸಲ ಎತ್ತುತ್ತಾರೆ. ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಬಂದಿದ್ದ 18 ವರ್ಷದ ಒಬ್ಬ ಬಡಕಲು ಹುಡುಗನಿಗೆ ಮಾತ್ರ ಅದನ್ನು ಒಂದೇ ಒಂದು ಸಲವೂ ಎತ್ತಲಾಗಲಿಲ್ಲ. ಹುಡುಗನ ಹೆಸರು ಕೆವಿನ್ ಡ್ಯುರಾಂಟ್.

ಆ ಸುದ್ದಿ ಪತ್ರಿಕೆಗಳಲ್ಲಿ ಬಂತು. ಇಂಥವನು ದೈತ್ಯರ ನಡುವೆ ಆಡಿ ಉಳಿಯುತ್ತಾನೆಯೇ ಎಂಬ ಚರ್ಚೆಯೂ ನಡೆಯಿತು. ಆ ವರ್ಷ ಮೊದಲ ಆಯ್ಕೆಯ ಹಕ್ಕು ಪೋರ್ಟ್‌ಲ್ಯಾಂಡ್ ತಂಡದ್ದು. ಅದು ಆರಿಸಿಕೊಂಡದ್ದು ಗ್ರೆಗ್ ಓಡನ್ ಎಂಬ 7 ಅಡಿ ಎತ್ತರದ, ಬಂಡೆಯಂಥ ಹುಡುಗನನ್ನು. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯವನ್ನು ಆ ವರ್ಷ ರಾಷ್ಟ್ರೀಯ ಫೈನಲ್‌ವರೆಗೆ ಒಯ್ದವನು ಆತ. ಡ್ಯುರಾಂಟ್ ಎರಡನೆಯವನಾಗಿ ಸಿಯಾಟಲ್ ತಂಡಕ್ಕೆ ಹೋದ. ಮುಂದೆ ಓಡನ್‌ನ ಮೊಣಕಾಲುಗಳು ಒಂದಾದ ಮೇಲೊಂದರಂತೆ ಕೈಕೊಟ್ಟವು. ಮೊದಲ ಋತುವಿನಲ್ಲಿ ಆತ ಅಂಗಳಕ್ಕೇ ಇಳಿಯಲಿಲ್ಲ. ಇಡೀ ಎನ್‌ಬಿಎ ಜೀವನದಲ್ಲಿ ಆಡಿದ್ದು 105 ಪಂದ್ಯ. ಸರಳು ಎತ್ತಲಾರದ ಹುಡುಗ ನಾಲ್ಕು ಋತುಗಳಲ್ಲಿ ಲೀಗಿನಲ್ಲೇ ಅತಿ ಹೆಚ್ಚು ಸರಾಸರಿ ಅಂಕ ಗಳಿಸಿದವನೆನಿಸಿದ. 2014ರಲ್ಲಿ ವರ್ಷದ ಅತ್ಯುತ್ತಮ ಆಟಗಾರನಾದ.

ಇಷ್ಟು ಕೇಳಿದವರು ಪರೀಕ್ಷೆಯೆಲ್ಲ ಬೊಗಳೆ ಎಂದು ನಕ್ಕುಬಿಡುವುದುಂಟು. ಅದು ಅವಸರದ ತೀರ್ಮಾನ. ಅದೇ ಶಿಬಿರದಲ್ಲಿ ಡ್ಯುರಾಂಟ್‌ನ ಇನ್ನೊಂದು ಅಳತೆಯನ್ನೂ ತೆಗೆದಿದ್ದರು. ಬರಿಗಾಲಲ್ಲಿ ನಿಂತಾಗ ಅವನ ಎತ್ತರ 6 ಅಡಿ 9 ಅಂಗುಲ. ಎರಡೂ ತೋಳು ಚಾಚಿದಾಗ ಬೆರಳ ತುದಿಯಿಂದ ಬೆರಳ ತುದಿಗೆ 7 ಅಡಿ 4 ಅಂಗುಲಕ್ಕೂ ಮಿಕ್ಕಿತ್ತು. ಅಂಥ ತೋಳಿನವನು ಚೆಂಡನ್ನು ತಲೆಯ ಮೇಲೆತ್ತಿ ಬುಟ್ಟಿಗೆ ಎಸೆದರೆ ತಡೆಯಲು ಯಾರ ಕೈಯೂ ಎಟಕುವುದಿಲ್ಲ. ಎರಡು ಅಳತೆಗಳೂ ನಿಜವೇ. ಯಾವುದು ಆಟಕ್ಕೆ ಸಂಬಂಧಿಸಿದ್ದು, ಯಾವುದು ಬರೀ ಕಣ್ಣಿಗೆ ಕಾಣುವಂಥದ್ದು ಎಂದು ಬೇರ್ಪಡಿಸುವುದರಲ್ಲೇ ಇರುವುದು ಕಷ್ಟ.

ಎನ್‌ಬಿಎಯಲ್ಲಿ 30 ತಂಡಗಳಿವೆ. ಹೊಸ ಆಟಗಾರರು ತಮಗೆ ಬೇಕಾದ ತಂಡ ಸೇರುವಂತಿಲ್ಲ. ತಂಡಗಳೇ ಸರದಿಯ ಪ್ರಕಾರ ಅವರನ್ನು ಆರಿಸಿಕೊಳ್ಳುತ್ತವೆ. 1947ರಿಂದ ನಡೆದುಬಂದ ಈ ಪದ್ಧತಿಗೆ ಡ್ರಾಫ್ಟ್ ಎಂದು ಹೆಸರು. ಹಿಂದಿನ ಋತುವಿನಲ್ಲಿ ಹೆಚ್ಚು ಸೋತವರಿಗೆ ಮೊದಲ ಸರದಿ ಸಿಗಲಿ, ಬಲಾಬಲ ಸರಿದೂಗಲಿ ಎಂಬುದು ಉದ್ದೇಶ. ಬೇಕೆಂದೇ ಸೋಲುವ ಜಾಣರು ಎಲ್ಲ ಕಡೆಯೂ ಇರುತ್ತಾರಷ್ಟೆ. ಅದಕ್ಕಾಗಿ 1985ರಿಂದ ಮೊದಲ ಸರದಿಗಳನ್ನು ಚೀಟಿ ಎತ್ತಿ ತೀರ್ಮಾನಿಸುವ ಲಾಟರಿ ಬಂತು. ಡ್ರಾಫ್ಟ್‌ಗೆ ಎರಡು ಸುತ್ತು. ಸುಮಾರು 60 ಹುಡುಗರಿಗೆ ಕರೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನಿಗೆ ಕನಿಷ್ಠ ಎರಡು ವರ್ಷದ ಸಂಬಳ ಖಾತರಿ. ಎರಡನೆಯ ಸುತ್ತಿನವನಿಗೆ ಅಂಥ ಖಾತರಿಯಿಲ್ಲ. 30ನೆಯವನಿಗೂ 31ನೆಯವನಿಗೂ ಆಟದಲ್ಲಿ ಕೂದಲೆಳೆಯ ವ್ಯತ್ಯಾಸವಿರಬಹುದು, ಬದುಕಿನಲ್ಲಿ ಹಾಗಲ್ಲ.

ಡ್ರಾಫ್ಟ್‌ಗೆ ಮುನ್ನ ಈಗ ಷಿಕಾಗೋದಲ್ಲಿ ಶಿಬಿರ ಸೇರುತ್ತದೆ. ಅದನ್ನು ಕಂಬೈನ್ ಎನ್ನುತ್ತಾರೆ. ಹುಡುಗರನ್ನು ಬೂಟು ಬಿಚ್ಚಿಸಿ ಗೋಡೆಗೆ ನಿಲ್ಲಿಸಿ ಎತ್ತರ ಅಳೆಯುತ್ತಾರೆ. ಬೂಟು ಬಿಚ್ಚಿಸುವುದಕ್ಕೆ ಕಾರಣವಿದೆ: ಕಾಲೇಜುಗಳು ತಮ್ಮ ಹುಡುಗರ ಎತ್ತರವನ್ನು ಒಂದೆರಡು ಅಂಗುಲ ಉಬ್ಬಿಸಿ ಅಚ್ಚು ಹಾಕಿಸುವುದು ಹಳೆಯ ಚಾಳಿ. ಆಮೇಲೆ ತೋಳಿನ ಅಳತೆ. ನಮ್ಮ ಹೂವಾಡಗಿತ್ತಿಯರು ಎರಡು ಕೈ ಚಾಚಿ ಎದೆಯ ಮೇಲೆ ದಂಡೆ ಹಿಡಿದು ಅಳೆಯುವ ‘ಮಾರು’ ಇದೆಯಲ್ಲ, ಅದೇ ಇದು. ಸಾಮಾನ್ಯ ಮನುಷ್ಯನ ಮಾರು ಹೆಚ್ಚುಕಡಿಮೆ ಅವನ ಎತ್ತರದಷ್ಟೇ. ಎನ್‌ಬಿಎ ಹುಡುಕುವುದು ಎತ್ತರವನ್ನು ಮೀರಿದ ಮಾರನ್ನು. ನಿಂತಲ್ಲೇ ಕೈ ಮೇಲೆತ್ತಿದರೆ ಎಲ್ಲಿಗೆ ಎಟಕುತ್ತದೆ, ನಿಂತು ಹಾರಿದರೆ ಎಷ್ಟು, ಓಡಿಬಂದು ಹಾರಿದರೆ ಎಷ್ಟು, ಅಂಗೈ ಎಷ್ಟು ಅಗಲ, ಅಂಗಳದ ಮುಕ್ಕಾಲು ಉದ್ದ ಓಡಲು ಎಷ್ಟು ಸೆಕೆಂಡು, ಬುಟ್ಟಿಯ ಮುಂದಿನ ಚೌಕವನ್ನು ಮುಂದಕ್ಕೆ, ಪಕ್ಕಕ್ಕೆ, ಹಿಂದಕ್ಕೆ ಸುತ್ತಿ ಬರಲು ಎಷ್ಟು ಸೆಕೆಂಡು, ಎಲ್ಲವೂ ದಾಖಲಾಗುತ್ತದೆ. 2011ರಲ್ಲಿ ಕವಾಯ್ ಲೆನಾರ್ಡ್ ಎಂಬಾತನ ಅಂಗೈ ಅಗಲ 11 ಅಂಗುಲ ಮೀರಿತ್ತು. ಚೆಂಡು ಎಸೆಯುವ ಶೈಲಿ ನೆಟ್ಟಗಿಲ್ಲ ಎಂಬ ಅನುಮಾನದಿಂದ ಆತ 15ನೆಯ ಸ್ಥಾನದವರೆಗೆ ಜಾರಿದ. ಶೈಲಿಯನ್ನು ತಿದ್ದಬಹುದು, ಅಂಗೈಯನ್ನು ಹಿಗ್ಗಿಸಲಾಗದು ಎಂದು ಲೆಕ್ಕ ಹಾಕಿದ್ದು ಸ್ಯಾನ್ ಆಂಟೋನಿಯೊ ತಂಡ. ಆಯ್ಕೆಯಾದ ರಾತ್ರಿಯೇ ಅದು ಅವನನ್ನು ಇಂಡಿಯಾನಾದಿಂದ ವಿನಿಮಯ ಮಾಡಿಕೊಂಡಿತು, ಶೈಲಿಯನ್ನು ತನ್ನ ಕೋಚ್‌ನಿಂದ ತಿದ್ದಿಸಿತು. 2014ರ ಫೈನಲ್ ಸರಣಿಯಲ್ಲಿ ಅತ್ಯುತ್ತಮ ಆಟಗಾರನೆನಿಸಿದ್ದು ಇದೇ ಲೆನಾರ್ಡ್.

ಅಳತೆಪಟ್ಟಿಗಿಂತ ತಂಡಗಳು ಹೆಚ್ಚು ಹೆದರುವುದು ವೈದ್ಯರ ವರದಿಗೆ. ಎಲುಬು, ಕೀಲು, ಹೃದಯ, ಹಳೆಯ ಗಾಯ ಯಾವುದನ್ನೂ ಬಿಡುವುದಿಲ್ಲ. ಇಲ್ಲಿ ಒಂದು ಹಳೆಯ ಕಥೆಯನ್ನು ಹೇಳಲೇಬೇಕು. 1984ರ ಡ್ರಾಫ್ಟ್‌ನಲ್ಲಿ ಹ್ಯೂಸ್ಟನ್ ಮೊದಲನೆಯವನಾಗಿ ಹಕೀಂ ಒಲಾಜುವಾನ್‌ನನ್ನು ಆರಿಸಿತು. ಎರಡನೆಯ ಸರದಿ ಪೋರ್ಟ್‌ಲ್ಯಾಂಡ್‌ನದು, 2007ರಲ್ಲಿ ಓಡನ್‌ನನ್ನು ಆರಿಸಿದ ಅದೇ ಪೋರ್ಟ್‌ಲ್ಯಾಂಡ್. ಅದಕ್ಕೆ ಎತ್ತರದ ಆಟಗಾರ ಬೇಕಿತ್ತು. ಕೆಂಟಕಿ ವಿಶ್ವವಿದ್ಯಾಲಯದ ಸ್ಯಾಮ್ ಬೋವಿ 7 ಅಡಿ ದಾಟಿದ್ದ. ಆದರೆ ಎಡಗಾಲಿನ ಮೂಳೆ ಮುರಿದು ಎರಡು ಋತು ಆಟದಿಂದ ಹೊರಗಿದ್ದವನು. ಪೋರ್ಟ್‌ಲ್ಯಾಂಡ್‌ನ ವೈದ್ಯರು ತಾಸುಗಟ್ಟಲೆ ಪರೀಕ್ಷಿಸಿದರು, ಆಡಬಲ್ಲ ಎಂದರು. ಬೋವಿ ಆಯ್ಕೆಯಾದ. ಮೂರನೆಯವನಾಗಿ ಷಿಕಾಗೋ ಪಾಲಿಗೆ ಉಳಿದವನು ಮೈಕೆಲ್ ಜೋರ್ಡನ್!

ಬೋವಿಯ ಕಾಲು ಮತ್ತೆ ಮತ್ತೆ ಮುರಿಯಿತು. ನಂತರ 2012ರಲ್ಲಿ ಒಂದು ಸಾಕ್ಷ್ಯಚಿತ್ರದಲ್ಲಿ ಆತನೇ ಒಂದು ಸಂಗತಿ ಹೊರಗೆಡಹಿದ. ವೈದ್ಯರು ಸಣ್ಣ ಸುತ್ತಿಗೆಯಿಂದ ಕಾಲಿನ ಮೂಳೆಯ ಮೇಲೆ ತಟ್ಟಿ ನೋವಾಗುತ್ತದೆಯೇ ಎಂದು ಕೇಳುತ್ತಿದ್ದರು. ಏನೂ ಇಲ್ಲ ಎಂದು ಆತ ಉತ್ತರಿಸುತ್ತಿದ್ದ. ಒಳಗೆ ನೋಯುತ್ತಿತ್ತು. ನೆಚ್ಚಿಕೊಂಡ ಮನೆಯವರ ಅಗತ್ಯಗಳು ಕಣ್ಣೆದುರಿಗಿದ್ದಾಗ ಯಾರಾದರೂ ಹಾಗೆಯೇ ಮಾಡುತ್ತಿದ್ದರು ಎಂಬರ್ಥದ ಮಾತನ್ನೂ ಸೇರಿಸಿದ. ಆತನನ್ನು ಸುಳ್ಳುಗಾರ ಎಂದುಬಿಡುವುದು ಸುಲಭ. ತನ್ನ ಇಡೀ ಮನೆಯ ಮುಂದಿನ ದಿನಗಳು ಒಂದು ಸುತ್ತಿಗೆಯ ಏಟಿಗೆ ತಾನು ಕೊಡುವ ಉತ್ತರದ ಮೇಲೆ ನಿಂತಿವೆ ಎಂದು ಅರಿತ ಯುವಕ ಬೇರೇನು ಹೇಳಬೇಕಿತ್ತು ಎಂದು ಕೇಳಿಕೊಂಡರೆ ಮಾತು ಗಂಟಲಲ್ಲೇ ಉಳಿಯುತ್ತದೆ. ಪರೀಕ್ಷಿಸುವವನು ದೇಹವನ್ನು ನೋಡುತ್ತಾನೆ. ಪರೀಕ್ಷೆಗೆ ನಿಂತವನು ಮನೆಯನ್ನು ನೋಡುತ್ತಿರುತ್ತಾನೆ.

ಈ ಕಥೆಗೆ ಇನ್ನೊಂದು ಮುಖವೂ ಉಂಟು. ಬೇಲರ್ ವಿಶ್ವವಿದ್ಯಾಲಯದ ಐಸಯಾ ಆಸ್ಟಿನ್ ಎಂಬ ಹುಡುಗನಿಗೆ 7 ಅಡಿ 1 ಅಂಗುಲ ಎತ್ತರ, ಬಲು ಉದ್ದನೆಯ ತೋಳು. ಒಂದು ಕಣ್ಣು ಕಾಣುತ್ತಿರಲಿಲ್ಲ. ಆದರೂ ಕಾಲೇಜು ತಂಡದಲ್ಲಿ ಆಡಿ ಸೈ ಎನಿಸಿಕೊಂಡವನು. 2014ರ ಡ್ರಾಫ್ಟ್‌ಗೆ ಇನ್ನು ಕೆಲವೇ ದಿನಗಳಿದ್ದಾಗ ವೈದ್ಯಕೀಯ ತಪಾಸಣೆಯ ಫಲಿತಾಂಶ ಬಂತು: ಮಾರ್ಫಾನ್ ಸಿಂಡ್ರೋಮ್. ಅಂಗಾಂಶಗಳನ್ನು ಹಿಡಿದಿಡುವ ಜೋಡಣೆಯೇ ದುರ್ಬಲವಾಗುವ ಆನುವಂಶಿಕ ಕಾಯಿಲೆ ಇದು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹಿಗ್ಗಿ, ಶ್ರಮದ ಆಟದ ನಡುವೆ ಒಡೆದುಹೋಗಬಹುದು. ಅಮೆರಿಕದ ಪ್ರಸಿದ್ಧ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ 1986ರಲ್ಲಿ ಜಪಾನಿನಲ್ಲಿ ಪಂದ್ಯದ ವೇಳೆ ಕುಸಿದು ಸತ್ತದ್ದು ಇದರಿಂದಲೇ. ಆಕೆಗೆ ಈ ಕಾಯಿಲೆ ಇತ್ತೆಂಬುದು ಗೊತ್ತಾದದ್ದು ಸತ್ತ ಮೇಲೆ. ಸೋಜಿಗವೆಂದರೆ ವಿಪರೀತ ಎತ್ತರ, ನೀಳ ತೋಳು, ನೀಳ ಬೆರಳು ಇವೇ ಈ ಕಾಯಿಲೆಯ ಹೊರಚಿಹ್ನೆಗಳು. ಅಳತೆಪಟ್ಟಿ ಹಿಡಿದವರು ಮೆಚ್ಚಿ ಬರೆದುಕೊಂಡದ್ದನ್ನೇ ವೈದ್ಯರು ರೋಗಲಕ್ಷಣವೆಂದು ಬರೆದುಕೊಂಡಿರಬೇಕು.

ಆಸ್ಟಿನ್‌ನ ಕನಸು ಅಲ್ಲಿಗೆ ಮುಗಿಯಿತು. ಡ್ರಾಫ್ಟ್ ರಾತ್ರಿ 15ನೆಯ ಮತ್ತು 16ನೆಯ ಆಯ್ಕೆಗಳ ನಡುವೆ ಲೀಗಿನ ಕಮಿಷನರ್ ಆಡಂ ಸಿಲ್ವರ್ ವೇದಿಕೆಗೆ ಬಂದು, ಎನ್‌ಬಿಎಯೇ ಈತನನ್ನು ಆರಿಸಿಕೊಳ್ಳುತ್ತಿದೆ ಎಂದು ಗೌರವಾರ್ಥ ಹೆಸರು ಕರೆದರು. ಸಭೆ ಎದ್ದು ನಿಂತಿತು. ಅವನು ಆಡುವ ತಂಡವಿರಲಿಲ್ಲ, ಆದರೆ ಜೀವವಿತ್ತು. 2016ರ ಕೊನೆಗೆ ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ ಆತ ಸರ್ಬಿಯಾಕ್ಕೆ ಹೋಗಿ ಮತ್ತೆ ಆಟ ಶುರುಮಾಡಿದ. ಇದೆಲ್ಲದರ ನಡುವೆ, ಕಂಬೈನ್‌ಗೆ ಕರೆ ಬಂದವರು ವೈದ್ಯಕೀಯ ತಪಾಸಣೆಗೆ ಒಳಗಾಗಲೇಬೇಕೆಂಬ ಕಟ್ಟುನಿಟ್ಟು ಬಂದದ್ದು 2023ರ ಒಪ್ಪಂದದಿಂದ. ಅಲ್ಲಿಯವರೆಗೆ ದೊಡ್ಡ ಹೆಸರಿನ ಹುಡುಗರ ಏಜೆಂಟರು ತಮಗೆ ಬೇಡದ ತಂಡಗಳಿಗೆ ವರದಿಯನ್ನು ಕೊಡದೆ ಆಟ ಆಡಿಸುತ್ತಿದ್ದರು.

ಇನ್ನು ಸ್ಕೌಟ್‌ಗಳೆಂಬ ಅಲೆಮಾರಿಗಳು. ವರ್ಷವಿಡೀ ಊರೂರು ಸುತ್ತುವುದೇ ಇವರ ಕಸುಬು. ಪಂದ್ಯಕ್ಕಿಂತ ಮುಂಚೆ ಬಂದು ಹುಡುಗ ಮೈ ಬಿಸಿ ಮಾಡಿಕೊಳ್ಳುವ ಬಗೆ ನೋಡುತ್ತಾರೆ. ತಪ್ಪು ಮಾಡಿದ ಮರುಗಳಿಗೆ ಓಡಿ ಹಿಂದಿರುಗುತ್ತಾನೋ, ಅಂಪೈರನ್ನು ದುರುಗುಟ್ಟಿಕೊಂಡು ನಿಲ್ಲುತ್ತಾನೋ ನೋಡುತ್ತಾರೆ. ಬೆಂಚಿನ ಮೇಲೆ ಕೂರಿಸಿದಾಗ ಮುಖ ಹೇಗಿರುತ್ತದೆಂದು ನೋಡುತ್ತಾರೆ. ಹಳೆಯ ಕೋಚ್, ಮೇಷ್ಟ್ರು, ಜೊತೆಗಾರರು, ಎಲ್ಲರನ್ನೂ ಮಾತಾಡಿಸುತ್ತಾರೆ. ಕಂಬೈನ್‌ನಲ್ಲಿ ಸಂದರ್ಶನವೂ ಉಂಟು. ಆದರೆ ಏಜೆಂಟರು ಮೊದಲೇ ಉತ್ತರಗಳನ್ನು ಬಾಯಿಪಾಠ ಮಾಡಿಸಿ ಕಳಿಸಿರುತ್ತಾರಾದ್ದರಿಂದ ಅದರಲ್ಲಿ ಸಿಗುವ ಸತ್ಯ ಅಷ್ಟಕ್ಕಷ್ಟೆ.

ಗ್ರೀಸ್‌ನ ಎರಡನೆಯ ದರ್ಜೆಯ ಲೀಗಿನಲ್ಲಿ, ಅಥೆನ್ಸ್‌ನ ಒಂದು ಸಣ್ಣ ಕ್ಲಬ್ಬಿನಲ್ಲಿ ಆಡುತ್ತಿದ್ದ ಯಾನಿಸ್ ಆಂಟೆಟೊಕೌಂಪೊನನ್ನು ಪತ್ತೆಮಾಡಿದ್ದು ಇಂಥ ಅಲೆದಾಟವೇ. ನೈಜೀರಿಯಾದಿಂದ ಬಂದ ಬಡ ಕುಟುಂಬದ ಹುಡುಗ. ಚಿಕ್ಕಂದಿನಲ್ಲಿ ಬೀದಿಯಲ್ಲಿ ಸಣ್ಣಪುಟ್ಟ ಸಾಮಾನು ಮಾರಿದವನು. ಎದುರಾಳಿಗಳು ದುರ್ಬಲರು, ಅಂಕಿ ಅಂಶ ನಂಬುವಂತಿಲ್ಲ. 2013ರಲ್ಲಿ ಮಿಲ್ವಾಕಿ ತಂಡ ಧೈರ್ಯ ಮಾಡಿ 15ನೆಯವನಾಗಿ ಆರಿಸಿತು. ಹುಡುಗನಿಗೆ ಆಗ 18. ಆಯ್ಕೆಯಾದ ಮೇಲೂ ಆತ ಒಂದೆರಡು ಅಂಗುಲ ಬೆಳೆದ! ಆ ವರ್ಷ ಮೊದಲನೆಯವನಾಗಿ ಆಯ್ಕೆಯಾದ ಆಂಟನಿ ಬೆನೆಟ್ ಕೆಲವೇ ಋತುಗಳಲ್ಲಿ ಲೀಗಿನಿಂದ ಹೊರಗಾದ. ಯಾನಿಸ್ 2019, 2020ರಲ್ಲಿ ಅತ್ಯುತ್ತಮ ಆಟಗಾರ, 2021ರಲ್ಲಿ ಮಿಲ್ವಾಕಿಗೆ ಕಪ್ಪು ತಂದವನು. ಇದಕ್ಕೂ ಹಿಂದೆ, 1980ರ ದಶಕದಲ್ಲಿ, ಸ್ಕಾಟಿ ಪಿಪ್ಪೆನ್ ಅರ್ಕಾನ್ಸಾದ ಸಣ್ಣ ಕಾಲೇಜು ಸೇರಿದಾಗ ತಂಡದ ಸಾಮಾನು ಸರಂಜಾಮು ನೋಡಿಕೊಳ್ಳುವ ಕೆಲಸದಲ್ಲಿದ್ದ; ಎತ್ತರ 6 ಅಡಿ 1 ಅಂಗುಲದ ಆಸುಪಾಸು. ಕಾಲೇಜು ಮುಗಿಸುವಷ್ಟರಲ್ಲಿ ಅರ್ಧ ಅಡಿ ಬೆಳೆದಿದ್ದ. 1987ರಲ್ಲಿ ಐದನೆಯವನಾಗಿ ಆಯ್ಕೆಯಾಗಿ, ಜೋರ್ಡನ್ ಜೊತೆ ಆರು ಸಲ ಪ್ರಶಸ್ತಿ ಗೆದ್ದ. ಹತ್ತೊಂಬತ್ತಕ್ಕೆ ಎತ್ತರವೇ ನಿಂತಿರುವುದಿಲ್ಲ ಎಂದಮೇಲೆ ಉಳಿದ ಗುಣಗಳ ಮಾತೇಕೆ?

ಕಣ್ಣು ಮೋಸ ಹೋಗುತ್ತದೆ, ಅಂಕಿಗಳನ್ನು ನಂಬೋಣ ಎಂದವರು ಹ್ಯೂಸ್ಟನ್ ತಂಡದ ಡ್ಯಾರಿಲ್ ಮೋರಿ. ಕಂಪ್ಯೂಟರ್ ವಿಜ್ಞಾನ ಓದಿದ ಇವರು 2007ರಲ್ಲಿ ಆ ತಂಡದ ಚುಕ್ಕಾಣಿ ಹಿಡಿದರು. ಕಾಲೇಜು ಪಂದ್ಯಗಳ ಅಂಕಿಗಳನ್ನೆಲ್ಲ ಲೆಕ್ಕಕ್ಕೆ ಹಾಕಿ, ವಯಸ್ಸನ್ನೂ ಸೇರಿಸಿ ತೂಗಿದರು. 22ರ ಹುಡುಗ 18ರವರ ಮುಂದೆ ಮೆರೆಯುವುದರಲ್ಲಿ ದೊಡ್ಡಸ್ತಿಕೆಯೇನಿದೆ? ಹೀಗೆ ಅಂಕಿಗಳನ್ನು ಜಾಲಿಸಿದವರಿಗೆ ಕೆಲವು ಉಪಯುಕ್ತ ಗುಟ್ಟುಗಳು ಸಿಕ್ಕಿವೆ. ದೂರದಿಂದ ಮೂರು ಅಂಕದ ಹೊಡೆತ ಹೊಡೆಯುವ ಕಸುವು ಮುಂದೆ ಬರುತ್ತದೆಯೇ ಎಂದು ತಿಳಿಯಲು, ಇವತ್ತಿನ ಮೂರು ಅಂಕದ ಹೊಡೆತಗಳಷ್ಟೇ ಅವನ ಫ್ರೀ ಥ್ರೋಗಳನ್ನೂ ನೋಡಬೇಕು ಎಂಬುದು ಅಂಥದೊಂದು. ಫ್ರೀ ಥ್ರೋ ಎಂದರೆ ಯಾರ ಅಡ್ಡಿಯೂ ಇಲ್ಲದೆ ಗೆರೆಯ ಮೇಲೆ ಒಬ್ಬನೇ ನಿಂತು ಎಸೆಯುವುದು. ಕೈಯ ಹದ ಅಲ್ಲಿ ಬಯಲಾಗುತ್ತದೆ.

ಆದರೆ ಮೋರಿಯವರಿಗೂ ಪಾಠಗಳಾದವು. ಅವು ಲೇಖಕ ಮೈಕೆಲ್ ಲೂಯಿಸ್ 2016ರಲ್ಲಿ ಬರೆದ ಪುಸ್ತಕದಲ್ಲಿ ದಾಖಲಾಗಿವೆ. 2007ರಲ್ಲಿ ಸ್ಪೇನ್‌ನ ಮಾರ್ಕ್ ಗಸೋಲ್ ಎಂಬ ಹುಡುಗ ಇವರ ಲೆಕ್ಕದಲ್ಲಿ ಚೆನ್ನಾಗಿಯೇ ಇದ್ದ. ಸ್ಕೌಟ್‌ಗಳಿಗೆ ಅಂಗಿಯಿಲ್ಲದ ಅವನ ಫೋಟೋ ಒಂದು ಸಿಕ್ಕಿತು. ಹುಡುಗ ದಪ್ಪಗಿದ್ದ, ಎದೆ ಜೋತಿತ್ತು. ಕಚೇರಿಯಲ್ಲಿ ಅವನಿಗೊಂದು ಅಡ್ಡಹೆಸರು ಬಿತ್ತು. ನಗುವಿನ ನಡುವೆ ಲೆಕ್ಕ ಕೊಚ್ಚಿಹೋಯಿತು. ಗಸೋಲ್ 48ನೆಯವನಾಗಿ ಬೇರೆ ತಂಡದ ಪಾಲಾದ. 2013ರಲ್ಲಿ ಇಡೀ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರನೆಂಬ ಪ್ರಶಸ್ತಿ ಪಡೆದ. ಆಮೇಲೆ ಮೋರಿ ಕಚೇರಿಯಲ್ಲಿ ಅಡ್ಡಹೆಸರುಗಳನ್ನೇ ನಿಷೇಧಿಸಿದರು. ತರಗತಿಯಲ್ಲಿ ಅಡ್ಡಹೆಸರು ಹೊತ್ತ ಮಕ್ಕಳಿಗೆ ಈ ಸುದ್ದಿ ತಲುಪಬೇಕಾದದ್ದು.

2010ರಲ್ಲಿ ಹಾರ್ವರ್ಡ್‌ನ ಜೆರೆಮಿ ಲಿನ್ ಬಂದ. ತೈವಾನ್ ಮೂಲದ ತಂದೆತಾಯಿಯರ ಮಗ. ಮೊದಲ ಸುತ್ತಿನಲ್ಲೇ ಆರಿಸಬಹುದಾದವನು ಎಂದು ಲೆಕ್ಕ ಹೇಳಿತು. ಓಟದ ಚುರುಕು ಸಾಲದು ಎಂದು ಎಲ್ಲರ ಕಣ್ಣೂ ಹೇಳಿದವು. ಯಾವ ತಂಡವೂ ಆರಿಸಲಿಲ್ಲ. ಲಿನ್ ಒಂದು ತಂಡದಿಂದ ಇನ್ನೊಂದಕ್ಕೆ ಅಲೆದ. 2011ರ ಡಿಸೆಂಬರ್‌ನಲ್ಲಿ ಇದೇ ಹ್ಯೂಸ್ಟನ್ ಕೂಡ ಅವನನ್ನು ಸೇರಿಸಿಕೊಂಡು ಕೆಲವೇ ದಿನಕ್ಕೆ ಕೈಬಿಟ್ಟಿತು. 2012ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ತಂಡದಲ್ಲಿ ಅಕಸ್ಮಾತ್ ಅವಕಾಶ ಸಿಕ್ಕಾಗ ದೇಶವೇ ಬೆರಗಾಗುವಂತೆ ಆಡಿದ. ಆನಂತರ ಯಂತ್ರದಿಂದ ಅಳೆದಾಗ ಅವನ ಮೊದಲ ಹೆಜ್ಜೆಯ ವೇಗ ಅಪರೂಪದ್ದೆಂದು ತಿಳಿಯಿತು. ಅವನು ಏಷ್ಯಾದ ಚಹರೆಯವನು ಎಂಬುದರ ಹೊರತು, ತಾವೆಲ್ಲ ಅವನನ್ನು ನಿಧಾನದವನೆಂದು ಭಾವಿಸಿದ್ದಕ್ಕೆ ಬೇರೆ ಕಾರಣ ಹೊಳೆಯುತ್ತಿಲ್ಲ ಎಂದು ಮೋರಿ ಒಪ್ಪಿಕೊಂಡರು. ಆಮೇಲೆ ಅವರು ತಂದ ನಿಯಮ ವಿಚಿತ್ರವಾದರೂ ಮಾರ್ಮಿಕವಾದದ್ದು: ಯಾವುದೇ ಹುಡುಗನನ್ನು ಹಳೆಯ ಆಟಗಾರನಿಗೆ ಹೋಲಿಸುವುದಾದರೆ ಬೇರೆ ಜನಾಂಗದ ಆಟಗಾರನಿಗೇ ಹೋಲಿಸಬೇಕು. ಚರ್ಮದ ಬಣ್ಣ ಬಿಟ್ಟು ಹೋಲಿಕೆ ಹುಡುಕಲು ಹೊರಟಾಗ ಎಷ್ಟೋ ಹೋಲಿಕೆಗಳು ತಾವಾಗಿ ಉದುರಿಹೋದವಂತೆ.

ಡ್ರಾಫ್ಟ್ ರಾತ್ರಿಯ ಬಗ್ಗೆ ಪಾಲಕರು ತಿಳಿಯಬೇಕಾದದ್ದೊಂದಿದೆ. ಬೇಗ ಆಯ್ಕೆಯಾಗುವರೆಂದು ನಿರೀಕ್ಷೆಯಿರುವ ಸುಮಾರು ಇಪ್ಪತ್ತು ಹುಡುಗರನ್ನು ಮನೆಯವರ ಸಮೇತ ವೇದಿಕೆಯ ಮುಂದೆ ಮೇಜುಗಳಿಗೆ ಕೂರಿಸುತ್ತಾರೆ. ಹೆಸರು ಕರೆದಂತೆ ಒಬ್ಬೊಬ್ಬರು ಎದ್ದು ಹೋಗುತ್ತಾರೆ. ಉಳಿದವರ ಮೇಲೆ ಕ್ಯಾಮೆರಾ. 1998ರಲ್ಲಿ ಹೈಸ್ಕೂಲು ಮುಗಿಸಿ ನೇರ ಬಂದಿದ್ದ ರಶಾರ್ಡ್ ಲೂಯಿಸ್ ಹೀಗೆ ಕೂತಿದ್ದ. ಅವನ ಊರು ಹ್ಯೂಸ್ಟನ್‌; ಊರಿನ ತಂಡಕ್ಕೆ ಮೊದಲ ಸುತ್ತಿನಲ್ಲಿ ಮೂರು ಸರದಿಗಳಿದ್ದವು. ಮೂರೂ ಬೇರೆಯವರಿಗೆ ಹೋದವು. ಮೇಜುಗಳೆಲ್ಲ ಖಾಲಿಯಾಗಿ ಕೊನೆಗೆ ಉಳಿದವನು ಆತನೊಬ್ಬ, ಕಣ್ಣೀರು ತಡೆಯಲಾಗಲಿಲ್ಲ. 32ನೆಯವನಾಗಿ ಸಿಯಾಟಲ್ ಕರೆಯಿತು. ಮುಂದೆ ಎರಡು ಸಲ ಆಲ್‌ಸ್ಟಾರ್ ಆದದ್ದು ಬೇರೆ ಮಾತು. ಫಲಿತಾಂಶದ ದಿನ ಸೂಚನಾ ಫಲಕದಲ್ಲಿ ತನ್ನ ನಂಬರು ಹುಡುಕಿದವರಿಗೂ ಅಲ್ಲಿ ಕ್ಯಾಮೆರಾ ಇರುತ್ತಿರಲಿಲ್ಲ ಎಂಬ ಪುಣ್ಯ ಇತ್ತು. 2014ರಲ್ಲಿ ಸರ್ಬಿಯಾದ ನಿಕೋಲಾ ಯೋಕಿಚ್‌ನನ್ನು ಡೆನ್ವರ್ 41ನೆಯವನಾಗಿ ಆರಿಸಿದಾಗ ಟಿವಿಯಲ್ಲಿ ಜಾಹೀರಾತು ಓಡುತ್ತಿತ್ತು. ಹುಡುಗ ತನ್ನ ದೇಶದಲ್ಲಿ ನಿದ್ದೆಯಲ್ಲಿದ್ದ. ಮೂರು ಸಲ ಅತ್ಯುತ್ತಮ ಆಟಗಾರನಾಗಲಿದ್ದವನ ಹೆಸರನ್ನು ಆ ಹೊತ್ತು ನೋಡುಗರು ಕೇಳಲೇ ಇಲ್ಲ.

ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋ ಕೇ ಎಂಬ ಹಳ್ಳಿಯ ರೈತನ ಮಗ ಸತ್ನಾಂ ಸಿಂಗ್‌ನ ಹೆಸರನ್ನು ಕರೆದದ್ದು 2015ರ ಜೂನ್ 25ರಂದು. ಡಲ್ಲಾಸ್ ತಂಡ, 52ನೆಯ ಸ್ಥಾನ. ಭಾರತದಲ್ಲಿ ಹುಟ್ಟಿದವನೊಬ್ಬ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದದ್ದು ಅದೇ ಮೊದಲು. ಲೂಧಿಯಾನಾ ಅಕಾಡೆಮಿಯಲ್ಲಿ ಕಲಿತು, 14ನೆಯ ವಯಸ್ಸಿಗೆ, ಇಂಗ್ಲಿಷ್ ಸರಿಯಾಗಿ ಬಾರದೆ ಫ್ಲಾರಿಡಾಕ್ಕೆ ಹೋದ ಹುಡುಗ. 7 ಅಡಿ 2 ಅಂಗುಲ ಎತ್ತರ, ಭಾರೀ ಮೈ, ಕೈಯಲ್ಲಿ ಒಳ್ಳೆಯ ಹದ. ಹತ್ತು ವರ್ಷ ಹಿಂದೆ ಬಂದಿದ್ದರೆ ಇಂಥವನಿಗೆ ಬುಟ್ಟಿಯ ಬುಡದಲ್ಲಿ ಜಾಗವಿರುತ್ತಿತ್ತು. ಅವನ ಹೆಸರು ಕರೆಯುವ ಒಂಬತ್ತು ದಿನ ಮುಂಚೆ ಗೋಲ್ಡನ್ ಸ್ಟೇಟ್ ತಂಡ ಪ್ರಶಸ್ತಿ ಗೆದ್ದಿತ್ತು. ಫೈನಲ್ ಸರಣಿಯ ನಡುವೆ 7 ಅಡಿಯ ಆಟಗಾರನನ್ನು ಆರಂಭದ ಐವರಿಂದ ಕೆಳಗಿಳಿಸಿ, ಅವನ ಜಾಗದಲ್ಲಿ 6 ಅಡಿ 6 ಅಂಗುಲದ ಆಸುಪಾಸಿನ ಡ್ರೇಮಂಡ್ ಗ್ರೀನ್‌ನನ್ನು ನಿಲ್ಲಿಸಿ ಗೆದ್ದ ಪ್ರಶಸ್ತಿ ಅದು. ಗ್ರೀನ್ 2012ರಲ್ಲಿ 35ನೆಯವನಾಗಿ ಬಂದವನು. ಕೆಲವು ವರ್ಷಗಳಿಂದ ಬದಲಾಗುತ್ತಿದ್ದ ಆಟ ಆಗ ಎಲ್ಲರ ಕಣ್ಣಿಗೂ ಬಿತ್ತು: ಓಡಬೇಕು, ದೂರದಿಂದ ಹೊಡೆಯಬೇಕು, ಹೊರಗೆ ಬಂದು ಚಿಕ್ಕವರನ್ನೂ ತಡೆಯಬೇಕು. ಸತ್ನಾಂನ ಅಳತೆ ಬದಲಾಗಿರಲಿಲ್ಲ. ಅಳೆಯುವ ಕೋಲು ಬದಲಾಗಿತ್ತು.

ಆತ ಡಲ್ಲಾಸ್‌ನ ಉಪತಂಡ ಟೆಕ್ಸಾಸ್ ಲೆಜೆಂಡ್ಸ್‌ನಲ್ಲಿ ಕೆಲಕಾಲ ಆಡಿದ. ಎನ್‌ಬಿಎಯ ಒಂದು ಲೀಗ್ ಪಂದ್ಯವನ್ನೂ ಆಡಲಿಲ್ಲ. ಭಾರತಕ್ಕೆ ಮರಳಿದ, ಕೆನಡಾದ ಲೀಗಿನಲ್ಲಿ ಆಡಿದ, 2021ರಲ್ಲಿ ಅಮೆರಿಕದ ವೃತ್ತಿಪರ ಕುಸ್ತಿಯ ಕಂಪನಿಯೊಂದನ್ನು ಸೇರಿದ. ಅಲ್ಲಿ 7 ಅಡಿ 2 ಅಂಗುಲಕ್ಕೆ ಇನ್ನೂ ಬೆಲೆಯಿತ್ತು.